ನುಚ್ಚು, ಗಂಜಿ, ಕಷಾಯ: ಪುಣೆಯ ಬಿಯರ್ ಮನೆಯೊಂದರಲ್ಲಿ ಅರ್ಧ ದಿನ

ಬಿಯರಿನ ರುಚಿ ನೋಡಲು ಹೊರಟ ದಿನ ಬೆಳಗ್ಗೆ ಮಿಸಳ್ ತಿನ್ನಬಾರದು ಎಂಬುದನ್ನು ನಾನು ತಿಂದ ಮೇಲೆ ಕಲಿತೆ. ಚಿಂಚವಾಡದ ನಮ್ಮ ಮನೆಯ ಕೆಳಗಿನ ಹೋಟೆಲಿನಲ್ಲಿ, ಮೊಳಕೆಕಾಳಿನ ಆ ಖಾರದ ತಿಂಡಿಯ ಮೇಲೆ ಕೆಂಪೆಣ್ಣೆ ತೇಲುವ ತರ್ರಿಯನ್ನು, ಅಂದರೆ ಅದರ ರಸವನ್ನು, ಎರಡನೆಯ ಸಲವೂ ಹಾಕಿಸಿಕೊಂಡು ತಿಂದು, ಮೇಲೊಂದು ಚಹಾ ಕುಡಿದು, ತೃಪ್ತಿಯಿಂದ ಮೆಟ್ರೋ ಹತ್ತಿದ್ದೆ. ಪಕ್ಕದಲ್ಲಿದ್ದ ಭಾವ ಮಾತ್ರ ಎರಡು ಇಡ್ಲಿಯಲ್ಲಿ ಮುಗಿಸಿದ್ದರು, ಅದೂ ಚಟ್ನಿಯನ್ನು ಮುಟ್ಟದೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷಗಳಿಂದ ಖಾನಾವಳಿ ನಡೆಸುತ್ತಿರುವ ಅವರಿಗೆ, ರುಚಿ ನೋಡುವ ಕೆಲಸವಿರುವ ದಿನ ನಾಲಿಗೆಯನ್ನು ಖಾಲಿ ಇಟ್ಟುಕೊಳ್ಳಬೇಕೆಂಬುದು ಯಾರೂ ಹೇಳಿಕೊಡದೆ ಗೊತ್ತಿತ್ತು.

ಅವರು ಮೊಣಕಾಲು ತೋರಿಸಲೆಂದು ಪುಣೆಗೆ ಬಂದು ಒಂದು ವಾರವಾಗಿತ್ತು. ಡಾಕ್ಟರು ಕೊಟ್ಟ ಮುಂದಿನ ತಾರೀಖಿಗೆ ಇನ್ನೂ ನಾಲ್ಕು ದಿನ ಉಳಿದಿದ್ದವು. ಹೊತ್ತು ಹೋಗದೆ ಅವರು ನಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಮೂಸಿ, ಯಾವ ಹಿಟ್ಟಿಗೆ ಮುಗ್ಗಲು ಹಿಡಿದಿದೆ, ಯಾವ ಶೇಂಗಾ ಕಮಟಾಗಿದೆ ಎಂದು ನನ್ನ ಹೆಂಡತಿಗೆ ವರದಿ ಒಪ್ಪಿಸತೊಡಗಿದ್ದರು. ಇದು ಹೀಗೇ ನಡೆದರೆ ಮನೆಯಲ್ಲಿ ಶಾಂತಿ ಉಳಿಯದೆಂದು, ಖರಾಡಿಯಲ್ಲಿ ಕೆಲಸ ಮಾಡುವ ಅವರ ಮಗನಿಗೆ ಹೇಳಿದೆ. ಅವನು ಮುಂಢವಾ ಕಡೆಯ ಒಂದು ಮೈಕ್ರೋಬ್ರೂವರಿಯಲ್ಲಿ ಶನಿವಾರ ಬೆಳಗ್ಗೆ ಬಂದವರಿಗೆ ಕೆಲಸ ತೋರಿಸಿ ಕೊನೆಗೆ ಬಿಯರಿನ ರುಚಿ ಕೊಡುತ್ತಾರೆಂದು ತಿಳಿದು, ತಲೆಗೆ 1,200 ರೂಪಾಯಿಯಂತೆ ನಮ್ಮಿಬ್ಬರ ಹಣ ಕಟ್ಟಿ, ತಾನು ಮಾತ್ರ ಆಫೀಸಿನ ಕೆಲಸವೆಂದು ತಪ್ಪಿಸಿಕೊಂಡ. ತಂದೆಯ ಎದುರು ಗ್ಲಾಸು ಹಿಡಿಯುವ ಧೈರ್ಯ ಅವನಿಗಿಲ್ಲ. ಮಗನೆದುರು ಹಿಡಿಯುವ ಧೈರ್ಯ ತಂದೆಗೂ ಇಲ್ಲ. ಇಬ್ಬರಿಗೂ ಒಪ್ಪಿಗೆಯಾದ ಏರ್ಪಾಡು ಅದು.

ಬೆಂಗಳೂರಿನ ನೆಂಟರು ಬಿಯರನ್ನು ತಮ್ಮ ಊರಿನ ಸ್ವತ್ತೆಂಬಂತೆ ಮಾತಾಡುತ್ತಾರೆ. 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸ್ ಆ ಊರಿನದಾದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಮಾಡಿದ ಜಾಗದಲ್ಲೇ ಬಡಿಸುವ ಸಣ್ಣ ಬಿಯರ್ ಮನೆಗಳ ವಿಷಯಕ್ಕೆ ಬಂದರೆ ಪುಣೆಯೇನೂ ಹಿಂದಿನ ಬೆಂಚಿನದಲ್ಲ. ದೇಶದ ಮೊದಮೊದಲ ಮೈಕ್ರೋಬ್ರೂವರಿಗಳ ಸಾಲಿಗೆ ಸೇರಿದ ಡೂಲಾಲಿ 2009ರಲ್ಲಿ ಆರಂಭವಾದದ್ದು ಇಲ್ಲಿಯೇ. ಆ ಪದ ಹುಟ್ಟಿದ್ದು ನಾಸಿಕದ ಹತ್ತಿರದ ದೇವಳಾಲಿ ಎಂಬ ದಂಡಿನ ಊರಿನಿಂದ. ತಾಯ್ನಾಡಿಗೆ ಮರಳುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾದು, ಬಿಸಿಲಿಗೂ ಬೇಸರಕ್ಕೂ ತಲೆ ಕೆಟ್ಟವರನ್ನು ಬ್ರಿಟಿಷ್ ಸಿಪಾಯಿಗಳು ‘ಡೂಲಾಲಿ’ ಎಂದು ಕರೆಯುತ್ತಿದ್ದರು.

ನಾವು ಹೋದ ಜಾಗದ ಹೆಸರು ಇಲ್ಲಿ ಬೇಡ. ಬಂಡ್ ಗಾರ್ಡನ್ ನಿಲ್ದಾಣದಲ್ಲಿ ಇಳಿದು, ಆಟೋ ಹಿಡಿದು, ಬೆಳಗ್ಗೆ ಬೇಗನೆ ಮುಟ್ಟಿದೆವು. ಬಾಗಿಲಲ್ಲಿ ವಯಸ್ಸಿನ ದಾಖಲೆ ಕೇಳಿದರು. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದ್ದು, ಅದರ ಪ್ರಕಾರ ಕುಡಿಯುವವನ ಕೈಯಲ್ಲಿ ಪರವಾನಗಿ ಇರಬೇಕು. ಬಿಯರಿಗೆ 21 ವರ್ಷ, ಗಟ್ಟಿ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಒಂದು ದಿನದ ಪರವಾನಗಿ ಚೀಟಿಗೆ ಹೆಸರು ಬರೆಸುತ್ತಾ ಅರವತ್ತನಾಲ್ಕರ ಭಾವ, “ಮೂವತ್ತು ವರ್ಷದಾಗ ನನ್ನ ವಯಸ್ಸು ಇಷ್ಟು ಪ್ರೀತಿಯಿಂದ ಯಾರೂ ಕೇಳಿಲ್ಲ ನೋಡು,” ಎಂದರು. ಮುಂದಿನ ತೊಡಕು ಅವರ ಚಪ್ಪಲಿ. ನೆಲ ಸದಾ ಒದ್ದೆ, ಕುದಿಯುವ ನೀರಿನ ಕೊಳವೆಗಳು ಬೇರೆ. ಮುಚ್ಚಿದ ಬೂಟಿಲ್ಲದೆ ಒಳಗೆ ಬಿಡುವುದಿಲ್ಲ. ಕೊನೆಗೆ ಕೆಲಸದವರ ರಬ್ಬರ್ ಗಂಬೂಟು ಒಂದು ಜೊತೆ ಸಿಕ್ಕಿತು. ಧೋತರದ ಕೆಳಗೆ ಕಪ್ಪು ಗಂಬೂಟು ತೊಟ್ಟು, ಒಂದು ಕಾಲನ್ನು ಕೊಂಚ ಎಳೆಯುತ್ತಾ, ಭಾವ ಉಕ್ಕಿನ ಹಂಡೆಗಳ ನಡುವೆ ನಡೆದು ಬಂದ ದೃಶ್ಯವನ್ನು ನಾನು ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದೇನೆ.

ನಮ್ಮನ್ನು ಕರೆದೊಯ್ದವಳು ಅಲ್ಲಿನ ಬ್ರೂವರ್, ಅಂದರೆ ಬಿಯರ್ ತಯಾರಿಸುವವಳೇ. ಮೂವತ್ತರ ಒಳಗಿನ ಹುಡುಗಿ. ನಮ್ಮ ಜೊತೆ ಒಂದು ಮರಾಠಿ ದಂಪತಿ ಮತ್ತು ಒಬ್ಬ ಹಿಂದಿ ಹುಡುಗ ಇದ್ದುದರಿಂದ ಅವಳು ಮರಾಠಿಗೆ ಇಂಗ್ಲಿಷ್ ಬೆರೆಸಿ ವಿವರಿಸುತ್ತಿದ್ದಳು. ಮೊದಲು ಮಾಲ್ಟಿನ ಚೀಲಗಳ ಹತ್ತಿರ ನಿಲ್ಲಿಸಿ ಎಲ್ಲರ ಅಂಗೈಗೂ ಒಂದಿಷ್ಟು ಕಾಳು ಹಾಕಿ ಅಗಿಯಲು ಹೇಳಿದಳು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಮುಂದೆ ಹೋಗಿ ಕಾಳಿನ ಸತ್ವವನ್ನೆಲ್ಲ ತಿಂದುಬಿಡುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಕೂಸುಗಳಿಗೆ ಕುಡಿಸುವ ರಾಗಿ ಮಾಲ್ಟಿನ ದಾರಿಯೂ ಇದೇ. ಆಮೇಲೆ ಅದನ್ನು ಎರಡು ಉರುಳೆಗಳ ಗಿರಣಿಯಲ್ಲಿ ಹಾಯಿಸುತ್ತಾರೆ. ಹಿಟ್ಟು ಮಾಡುವುದಿಲ್ಲ, ಕಾಳು ಮೂರ್ನಾಲ್ಕು ಚೂರಾಗಿ ಒಡೆಯಬೇಕು, ಮೇಲಿನ ಸಿಪ್ಪೆ ಮಾತ್ರ ಆದಷ್ಟು ಇಡಿಯಾಗಿ ಉಳಿಯಬೇಕು. ಗಿರಣಿಯ ಬಾಯಿಂದ ಬಿದ್ದದ್ದನ್ನು ಬೊಗಸೆಯಲ್ಲಿ ಹಿಡಿದು ಬೆರಳಿಂದ ಆಡಿಸಿ ನೋಡಿದ ಭಾವ, ನನಗೆ ಮಾತ್ರ ಕೇಳುವಂತೆ, “ಇದು ನಮ್ಮ ನುಚ್ಚ ಅಲ್ಲೇನು?” ಎಂದರು.

ಹುಡುಗಿ ಥಟ್ಟನೆ ತಿರುಗಿದಳು. “ಹೌದ್ರೀ ಕಾಕಾ, ನುಚ್ಚನ ಇದು! ನಾ ಬೆಳಗಾವಿಯಾಕಿ.”

ಅಲ್ಲಿಂದ ಮುಂದೆ ಎಲ್ಲವನ್ನೂ ಎರಡು ಸಲ ಹೇಳಲಾಯಿತು: ಒಮ್ಮೆ ಎಲ್ಲರಿಗಾಗಿ, ಒಮ್ಮೆ ಭಾವನಿಗಾಗಿ. ಮೊದಲನೆಯದು ಪಾಠದಂತಿತ್ತು, ಎರಡನೆಯದು ಇಬ್ಬರು ಅಡುಗೆಯವರ ಹರಟೆಯಂತಿತ್ತು. ನನಗೆ ನಿಜವಾಗಿ ತಿಳಿದದ್ದೆಲ್ಲ ಎರಡನೆಯದರಿಂದಲೇ.

ಅಂದು ಅವರು ಹಾಕಿದ್ದು 500 ಲೀಟರಿನ ಒಂದು ಪಾಕ. ಅದಕ್ಕೆ ಸುಮಾರು 100 ಕಿಲೋ ಮಾಲ್ಟು. ಆ ನುಚ್ಚನ್ನು ಬಿಸಿನೀರಿಗೆ ಸುರಿದು ಕಲಸಿದರೆ ಆಗುವುದು ತೆಳುವಾದ ಗಂಜಿ. ಈ ಗಂಜಿಯನ್ನು ಕುದಿಸುವುದಿಲ್ಲ. 66 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಂದು ಗಂಟೆ ಸುಮ್ಮನೆ ಬಿಡುತ್ತಾರೆ. ಮೊಳಕೆ ಬರುವಾಗ ಕಾಳಿನೊಳಗೆ ಹುಟ್ಟಿದ ಕಿಣ್ವಗಳು ಆ ಬಿಸಿಯಲ್ಲಿ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಮೂರು ಡಿಗ್ರಿಯ ವ್ಯತ್ಯಾಸವೂ ಇಲ್ಲಿ ದೊಡ್ಡದು. 63ರ ಹತ್ತಿರ ಹಿಡಿದರೆ, ಮುಂದೆ ಹುದುಗಿಸಲು ಹಾಕುವ ಯೀಸ್ಟು ಪೂರ್ತಿ ತಿಂದು ಮುಗಿಸಬಲ್ಲ ಸಕ್ಕರೆಯೇ ಹೆಚ್ಚಾಗಿ ಬಿಯರು ತೆಳ್ಳಗೆ, ಒಣಒಣ ಆಗುತ್ತದೆ. 69ರ ಹತ್ತಿರ ಹಿಡಿದರೆ ಯೀಸ್ಟಿಗೆ ಜೀರ್ಣವಾಗದ ಅಂಶ ಉಳಿದು ಬಾಯಿಗೆ ದಪ್ಪ ಹತ್ತುತ್ತದೆ. ಗಂಟೆ ಮುಗಿದ ಮೇಲೆ ಅವಳು ಬಿಳಿ ಬಟ್ಟಲಿಗೆ ಒಂದು ಹನಿ ಗಂಜಿ ಹಾಕಿ, ಪಕ್ಕದಲ್ಲಿ ಒಂದು ಹನಿ ಅಯೋಡಿನ್ ಬಿಟ್ಟು ಕಡ್ಡಿಯಿಂದ ಬೆರೆಸಿದಳು. ಪಿಷ್ಟ ಉಳಿದಿದ್ದರೆ ಕಡುನೀಲಿಗೆ ತಿರುಗಬೇಕಿತ್ತು; ತಿರುಗಲಿಲ್ಲ, ಅಯೋಡಿನ್ನಿನ ಕಂದೇ ಉಳಿಯಿತು.

ಭೋಸರಿಯ ಒಂದು ಕಾರ್ಖಾನೆಯಲ್ಲಿ ನಾನು ಮಾಡುವ ಕೆಲಸ ಗುಣಮಟ್ಟ ಪರೀಕ್ಷೆ. ಹೀಗಾಗಿ ಕಿಣ್ವಕ್ಕಿಂತ ಹೆಚ್ಚು ನನ್ನ ಕಣ್ಣು ಹೋದದ್ದು ಅವಳ ಅಳತೆಯ ಸಲಕರಣೆಗಳ ಮೇಲೆ. ಗಂಜಿಯ ಆಮ್ಲೀಯತೆ ನೋಡಲು ಅವಳು ಅದ್ದಿದ ಪಿಎಚ್ ಮೀಟರಿನ ಮಾಪನವೇ ಬಿಯರ್ ಕಂಪನಿಯೊಂದರ ಪ್ರಯೋಗಾಲಯದ ಕೂಸು. 1909ರಲ್ಲಿ ಅದನ್ನು ರೂಪಿಸಿದ ರಸಾಯನವಿಜ್ಞಾನಿ ಸೋರೆನ್ಸೆನ್ ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಸಣ್ಣ ಮಾದರಿಗಳ ಲೆಕ್ಕಕ್ಕೆ ನಮ್ಮ ಕಾರ್ಖಾನೆಯಲ್ಲಿ ನಾವು ಬಳಸುವ ಟಿ-ಪರೀಕ್ಷೆಯೂ ಅಷ್ಟೇ: ಗಿನ್ನೆಸ್ ಕಂಪನಿಯ ನೌಕರ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಮರೆಹೆಸರಿನಲ್ಲಿ ಅದನ್ನು ಪ್ರಕಟಿಸಿದ. ಹದಿನೆಂಟು ವರ್ಷಗಳಿಂದ ಬ್ರೇಕಿನ ಬಿಡಿಭಾಗಗಳಿಗೆ ನಾನು ಹಾಕುತ್ತಿರುವ ಸೂತ್ರದ ತವರುಮನೆ ಬಿಯರ್ ಕಾರ್ಖಾನೆ ಎಂಬುದನ್ನು ನಮ್ಮ ಮ್ಯಾನೇಜರಿಗೆ ಇನ್ನೂ ಹೇಳಿಲ್ಲ.

ಸಿಪ್ಪೆ ಇಡಿಯಾಗಿರಬೇಕು ಎಂದದ್ದೇಕೆ ಎಂಬುದು ಸೋಸುವ ಹೊತ್ತಿಗೆ ಅರ್ಥವಾಯಿತು. ಪಾತ್ರೆಯ ತಳದ ಜರಡಿಯ ಮೇಲೆ ಆ ಸಿಪ್ಪೆಗಳೇ ಹಾಸಿಕೊಂಡು ಶೋಧಕವಾಗುತ್ತವೆ. ಕೆಳಗಿನಿಂದ ಬಂದ ಮೊದಲ ರಸ ಮಬ್ಬಾಗಿರುವುದರಿಂದ ಅದನ್ನೇ ಮತ್ತೆ ಮೇಲಕ್ಕೆ ಸುರಿದು, ತಿಳಿಯಾಗುವವರೆಗೂ ತಿರುಗಿಸುತ್ತಾರೆ. ಬಳಿಕ ಸುಮಾರು 76 ಡಿಗ್ರಿಯ ನೀರು ಚಿಮುಕಿಸಿ ಉಳಿದ ಸಿಹಿಯನ್ನೂ ತೊಳೆದುಕೊಳ್ಳುತ್ತಾರೆ. ಅವಳು ನಮಗೆಲ್ಲ ಪುಟ್ಟ ಲೋಟಗಳಲ್ಲಿ ಆ ರಸ ಕೊಟ್ಟಳು. ಕಬ್ಬಿನಹಾಲಿನ ಸಿಹಿಯೊಳಗೆ ಹುರಿದ ಕಾಳಿನ ವಾಸನೆ ಕೂಡಿದಂತಿತ್ತು. ಮಿಸಳಿನಿಂದ ಇನ್ನೂ ಉರಿಯುತ್ತಿದ್ದ ನನ್ನ ಬಾಯಿಗೂ ಅಷ್ಟು ತಿಳಿಯಿತು.

“ಎಷ್ಟು ತೊಳಿಬೇಕು ಅನ್ನೂದರಾಗ ಜಾಣತನ ಐತ್ರಿ ಕಾಕಾ,” ಎಂದಳು. “ಆಸೆಬಿದ್ದು ಬಾಳ ತೊಳದ್ವಿ, ಇಲ್ಲಾ ನೀರು ಬಾಳ ಸುಡತಿತ್ತು ಅಂದ್ರ, ಸಿಪ್ಪಿಯೊಳಗಿಂದು ಇಳಿತೈತಿ. ಕುಡದ ಮ್ಯಾಲೆ ನಾಲಿಗಿ ಹಿಡದಂಗ ಆಗ್ತೈತಿ.”

“ಒಗರು,” ಎಂದರು ಭಾವ.

“ಹಾಂ, ಒಗರು! ಇಲ್ಲಿ ಬರೋರು ಅದನ್ನೂ ಬಿಟರ್ ಅಂತಾರ, ಹಾಪ್ಸ್ ಕಹಿನೂ ಬಿಟರ್ ಅಂತಾರ. ಎರಡೂ ಬ್ಯಾರೆ ಅಂತ ತಿಳಿಸಿ ಹೇಳಾಕ ನನಗ ಅರ್ಧ ತಾಸು ಬೇಕು.”

ಭಾವನಿಗೆ ಅರ್ಧ ಕ್ಷಣವೂ ಬೇಕಾಗಲಿಲ್ಲ. ಕಹಿಯೆಂದರೆ ಹಾಗಲಕಾಯಿ, ಮೆಂತ್ಯ. ಒಗರೆಂದರೆ ಅಡಕೆ, ಬಾಳೆಕಾಯಿ. ಒಂದು ರುಚಿ, ಇನ್ನೊಂದು ಬಾಯಿ ಬಿಗಿಯುವ ಅನುಭವ. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಭೇದ ಇದು. ಬಿಯರಿನಲ್ಲಿ ಕಹಿ ಹಾಪ್ಸ್ ಎಂಬ ಹೂವಿನಿಂದ ಬೇಕೆಂದೇ ತಂದದ್ದು, ಒಗರು ತಪ್ಪಿ ಬಂದದ್ದು. ಕಹಿ ಲೆಕ್ಕ, ಒಗರು ಲೋಪ. ಈ ಒಂದು ವಿಷಯ ಇಷ್ಟು ಸಲೀಸಾಗಿ ಇತ್ಯರ್ಥವಾದದ್ದನ್ನು ಕಂಡು, ಗೋಡೆಗೆ ತೂಗುಹಾಕಿದ್ದ ಬಣ್ಣಬಣ್ಣದ ‘ರುಚಿ ಚಕ್ರ’ದ ಇಂಗ್ಲಿಷ್ ಪದಗಳನ್ನು ಓದುತ್ತಾ ನಿಂತಿದ್ದ ನಾನು ಅದನ್ನು ಬಿಟ್ಟು ಇವರಿಬ್ಬರ ಹಿಂದೆ ಹೋದೆ.

ಸೋಸಿದ ರಸವನ್ನು ಒಂದು ಗಂಟೆ ಕುದಿಸುತ್ತಾರೆ. ಉಕ್ಕು ಬರುವ ಗಳಿಗೆಯಲ್ಲಿ ಅವಳು ಮಾತು ನಿಲ್ಲಿಸಿ ನೀರಿನ ಕೊಳವೆ ಹಿಡಿದು ನಿಂತಳು. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಲ್ಲುವವರ ಎಚ್ಚರವೇ ಅದು. ನೊರೆ ಕುಗ್ಗಿದ ಮೇಲೆ ಹಾಪ್ಸ್ ಬಿತ್ತು. ಹಾಪ್ಸ್ ಬಳ್ಳಿಯ ಹೂವನ್ನು ಒಣಗಿಸಿ, ಪುಡಿ ಮಾಡಿ, ದನದ ಆಹಾರದಂಥ ಹಸಿರು ಗುಳಿಗೆಗಳಾಗಿ ಒತ್ತಿರುತ್ತಾರೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಒಂದಿಷ್ಟು ಬೆಳೆಯುತ್ತಾರಾದರೂ ಇಲ್ಲಿದ್ದ ಪೊಟ್ಟಣಗಳೆಲ್ಲ ಜರ್ಮನಿ ಮತ್ತು ಅಮೆರಿಕದವು. ಕುದಿಯ ಆರಂಭದಲ್ಲಿ ಹಾಕಿದ್ದು ಕಹಿ ಕೊಡುತ್ತದೆ, ಏಕೆಂದರೆ ಅದರ ಆಮ್ಲಗಳು ಬಹಳ ಹೊತ್ತು ಕುದ್ದ ಮೇಲೆಯೇ ರೂಪ ಬದಲಿಸಿ ನೀರಿಗೆ ಇಳಿಯುತ್ತವೆ. ಕೊನೆಯ ಐದು ನಿಮಿಷದಲ್ಲಿ ಹಾಕಿದ್ದು ಪರಿಮಳ ಕೊಡುತ್ತದೆ, ಏಕೆಂದರೆ ಅದರ ತೈಲ ಹೆಚ್ಚು ಹೊತ್ತು ಕುದ್ದರೆ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಕೊನೆಗೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಎರಡು ಗುಳಿಗೆಗಳನ್ನು ಅಂಗೈಗೆ ಹಾಕಿ ಉಜ್ಜಿ ಮೂಸಲು ಹೇಳಿದಾಗ, ಮರಾಠಿ ದಂಪತಿ ಕಿತ್ತಳೆ ಸಿಪ್ಪೆಯೆಂದರು. ಭಾವ ಕಣ್ಣು ಮುಚ್ಚಿ ತುಸು ಹೊತ್ತು ನಿಂತು, “ಕಿತ್ತಳಿ ಖರೆ. ಅದರ ಹಿಂದ ದವನ ಐತಿ,” ಎಂದರು. ಅವಳಿಗೆ ದವನ ನೆನಪಾಗಲಿಲ್ಲ, ಮಲ್ಲಿಗೆಯ ಜೊತೆ ಕಟ್ಟುತ್ತಾರಲ್ಲ, ಆ ಬೂದುಹಸಿರಿನದು ಎಂದ ಮೇಲೆ “ಅಯ್ಯ, ಹೌದಲ್ಲ!” ಎಂದು ತಾನೂ ಮತ್ತೊಮ್ಮೆ ಮೂಸಿದಳು.

ಅನಂತರದ್ದೆಲ್ಲ ಬೇಗ ನಡೆಯಿತು. ಕುದಿದ ಕಷಾಯವನ್ನು ಸುಳಿ ತಿರುಗುವಂತೆ ಪಂಪು ಮಾಡಿದಾಗ ಗಸಿಯೆಲ್ಲ ನಡುವೆ ಗುಡ್ಡೆಯಾಯಿತು, ತಗಡಿನ ಹಾಳೆಗಳ ಶೀತಕವೊಂದರಲ್ಲಿ ಹಾದು ಅದು ಕೆಲವೇ ನಿಮಿಷಗಳಲ್ಲಿ 20 ಡಿಗ್ರಿಗೆ ಇಳಿಯಿತು, ಯೀಸ್ಟು ಸೇರಿತು. ಆ ಹೊತ್ತಿಗೆ ಇಬ್ಬರು ಹುಡುಗರು ಗಂಜಿಯ ಪಾತ್ರೆಯ ಬಾಯಿ ತೆರೆದು ಹೊಗೆಯಾಡುವ ಚರಟವನ್ನು ಗೋರಿ ಡ್ರಮ್ಮುಗಳಿಗೆ ತುಂಬುತ್ತಿದ್ದರು. ಮಧ್ಯಾಹ್ನದೊಳಗೆ ಗೌಳಿಯೊಬ್ಬ ಬಂದು ಅದನ್ನು ಎಮ್ಮೆಗಳಿಗೆ ಒಯ್ಯುತ್ತಾನಂತೆ, ಸಂಜೆಯಾದರೆ ಹುಳಿ ನಾರುತ್ತದೆ. ಭಾವನ ಕಣ್ಣು ಆ ಡ್ರಮ್ಮಿನ ಮೇಲೆ ನಿಂತದ್ದನ್ನು ನಾನು ಆಗಲೇ ಗಮನಿಸಬೇಕಿತ್ತು.

ಹುದುಗುವ ಟ್ಯಾಂಕುಗಳು ಪಕ್ಕದ ಕೋಣೆಯಲ್ಲಿದ್ದವು. ಕೆಳಗೆ ಶಂಕುವಿನಂತೆ ಚೂಪಾದ ಐದು ಉಕ್ಕಿನ ಟ್ಯಾಂಕುಗಳು. ಪ್ರತಿಯೊಂದರ ತಲೆಯಿಂದ ಇಳಿದ ಕೊಳವೆಯ ತುದಿ ನೀರಿನ ಬಕೆಟಿನಲ್ಲಿ ಮುಳುಗಿತ್ತು. ಎರಡು ಬಕೆಟುಗಳು ಬುಳುಬುಳು ಎನ್ನುತ್ತಿದ್ದವು, ಮೂರು ಸುಮ್ಮನಿದ್ದವು. ಯೀಸ್ಟು ಸಕ್ಕರೆಯನ್ನು ತಿಂದು ಹೆಚ್ಚುಕಡಿಮೆ ಸಮತೂಕದ ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಶೇಕಡಾ 5ರ 500 ಲೀಟರ್ ಬಿಯರ್ ಆಗುವಷ್ಟರಲ್ಲಿ ಹೊರಬರುವ ಅನಿಲವೇ ಸುಮಾರು 19 ಕಿಲೋ. ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೆ ಅಪಾಯವಾದ್ದರಿಂದ ಗೋಡೆಯ ಮೇಲೊಂದು ಎಚ್ಚರಿಕೆಯ ಯಂತ್ರವಿತ್ತು. ಸಾಂದ್ರತೆಯ ಅಳತೆಯನ್ನು ಅವಳು ನನಗೇ ಓದಲು ಕೊಟ್ಟಳು. ಆರು ದಿನದ ಹಿಂದೆ ಗಾಜಿನ ತೇಲುಮಾಪಕ 1.050 ತೋರಿಸಿತ್ತು, ಈಗ 1.012. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾವಾರು, ಸರಿಸುಮಾರು 5. ಅಂಕಿಯ ಪ್ರಕಾರ ಆ ಟ್ಯಾಂಕಿನ ಕೆಲಸ ಮುಗಿದಿತ್ತು. ನನ್ನ ಕಾರ್ಖಾನೆಯಾಗಿದ್ದರೆ ಹಸಿರು ಚೀಟಿ ಅಂಟಿಸುತ್ತಿದ್ದೆ.

ಅವಳು ಅಂಟಿಸಲಿಲ್ಲ. ಟ್ಯಾಂಕಿನ ಪಕ್ಕದ ಪುಟ್ಟ ನಲ್ಲಿಯಿಂದ ಎರಡು ಲೋಟ ಹಿಡಿದು, ಒಂದನ್ನು ಹಾಗೇ ಇಟ್ಟು, ಇನ್ನೊಂದನ್ನು ಮುಚ್ಚಿ 60 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟಳು. ಆರಿದ ಮೇಲೆ ಮುಚ್ಚಳ ತೆಗೆದು ಭಾವನ ಮೂಗಿನ ಮುಂದೆ ಹಿಡಿದು, “ಏನೂ ವಿಚಾರ ಮಾಡಬ್ಯಾಡ್ರಿ, ಮನಸಿಗೆ ಬಂದದ್ದು ಹೇಳ್ರಿ,” ಎಂದಳು.

“ಬೆಣ್ಣಿ.” ಸ್ವಲ್ಪ ತಡೆದು ತಿದ್ದಿದರು: “ಹಸಿ ಬೆಣ್ಣಿ ಅಲ್ಲ. ಕಾಸಾಕ ಇಟ್ಟ ಮ್ಯಾಲೆ, ಇನ್ನೂ ತುಪ್ಪ ಆಗೂಕಿಂತ ಮೊದಲ ಬರತೈತಲ್ಲ, ಅದು.”

ನಾನು ಮೂಸಿದೆ. ಬಿಯರಿನ ವಾಸನೆ ಬಂತು, ಅಷ್ಟೇ. ಅವಳು ಮಾತ್ರ ತಲೆಯಾಡಿಸಿ ಬೋರ್ಡಿನ ಮೇಲೆ ಆ ಟ್ಯಾಂಕಿನ ಮುಂದೆ ‘ಇನ್ನೆರಡು ದಿನ’ ಎಂದು ಬರೆದಳು. ಅದು ಡೈಅಸಿಟೈಲ್. ಮಜ್ಜಿಗೆ ಕಡೆದ ಬೆಣ್ಣೆಗೆ ಘಮ ಕೊಡುವ ಅದೇ ವಸ್ತು. ಯೀಸ್ಟು ಕೆಲಸದ ನಡುವೆ ಹೊರಗೆ ಬಿಟ್ಟ ಒಂದು ಅಂಶದಿಂದ ಇದು ಹುಟ್ಟುತ್ತದೆ. ಇನ್ನೂ ಹುಟ್ಟಬೇಕಾದದ್ದು ಎಷ್ಟು ಅಡಗಿದೆ ಎಂಬುದನ್ನು ಬಿಸಿ ಮಾಡಿ ಹೊರಗೆಳೆದು ನೋಡುವುದೇ ಆ ಪರೀಕ್ಷೆ. ಅವಸರಪಟ್ಟು ಟ್ಯಾಂಕನ್ನು ತಣ್ಣಗೆ ಮಾಡಿದರೆ ಬೆಣ್ಣೆ ಉಳಿದುಬಿಡುತ್ತದೆ. ಎರಡು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟೇ ಅದನ್ನು ಮರಳಿ ಹೀರಿಕೊಳ್ಳುತ್ತದೆ. ತೇಲುಮಾಪಕ ಇದನ್ನು ಹೇಳಲಾರದು. ದಿನವೂ ನೂರು ಊಟಕ್ಕೆ ತುಪ್ಪ ಕಾಸುವವನ ಮೂಗು ಹೇಳಿತು. ಎರಡೂ ಲೋಟಗಳನ್ನು ನಾನು ಮೂರನೆಯ ಸಲ ಮೂಸಿ, ತಿಳಿದವನಂತೆ ತಲೆಯಾಡಿಸಿದೆ.

ರುಚಿ ನೋಡುವ ಮೇಜಿಗೆ ಬಂದಾಗ ಹನ್ನೆರಡೂವರೆ. ತಲಾ 90 ಮಿಲಿಲೀಟರಿನ ಆರು ಗ್ಲಾಸುಗಳು, ತೆಳುವಿನಿಂದ ದಪ್ಪಕ್ಕೆ, ಸೌಮ್ಯದಿಂದ ಕಹಿಗೆ ಸಾಲಾಗಿ. ಜೊತೆಗೆ ಸಪ್ಪೆ ಪಾವ್ ಮತ್ತು ನೀರು. ಶೇಂಗಾ ಇಲ್ಲ, ಚಕ್ಕುಲಿ ಇಲ್ಲ. ಮೊದಲನೆಯದು ಹೆಫೆವೈಜನ್ ಎಂಬ ಜರ್ಮನ್ ಶೈಲಿಯ ಗೋಧಿ ಬಿಯರು. ಒಂದು ಗುಟುಕು ಬಾಯಿಗೆ ಬಿದ್ದದ್ದೇ ತಡ, ಅದರ ಗುಳ್ಳೆಗಳು ಮಿಸಳಿನ ಖಾರವನ್ನು ತಿವಿದೆಬ್ಬಿಸಿ ನನ್ನ ಕಣ್ಣಲ್ಲಿ ನೀರು ಬಂತು. ಬೆಳಗ್ಗೆ ಏನು ತಿಂದಿರಿ ಎಂದು ಕೇಳಿದ ಹುಡುಗಿ, ಉತ್ತರ ಕೇಳಿ ನಗು ತಡೆದುಕೊಂಡು, ಮೆಣಸಿನಕಾಯಿಯ ಉರಿ ನೀರಿಗೆ ಬಗ್ಗುವುದಿಲ್ಲ, ಕೊಬ್ಬಿಗೆ ಬಗ್ಗುತ್ತದೆ ಎಂದು ಅಡುಗೆಮನೆಯಿಂದ ಒಂದು ಲೋಟ ಹಾಲು ತರಿಸಿದಳು. ಬಿಯರ್ ಮನೆಯಲ್ಲಿ, ಆರು ಬಿಯರಿನ ಮುಂದೆ ಕುಳಿತು, ಗಟಗಟ ಹಾಲು ಕುಡಿದ ಗೌರವ ನನ್ನದು. ಈ ಸಲ ಫೋಟೋ ತೆಗೆದವರು ಭಾವ.

ಆ ಹೆಫೆವೈಜನ್ನಿನಲ್ಲಿ ಭಾವನಿಗೆ ಸಿಕ್ಕಿದ್ದು ಬಾಳೆಹಣ್ಣು, ಅದೂ ಮಾಗಿ ಒಂದು ದಿನ ಹೆಚ್ಚಾದದ್ದು; ಕೊನೆಯಲ್ಲಿ ಲವಂಗ. ಹಣ್ಣನ್ನಾಗಲಿ ಮಸಾಲೆಯನ್ನಾಗಲಿ ಅದಕ್ಕೆ ಹಾಕಿಲ್ಲವೆಂದರೆ ಅವರು ನಂಬಲೊಲ್ಲರು. ಎರಡೂ ಆ ಜಾತಿಯ ಯೀಸ್ಟಿನಿಂದಲೇ ಹುಟ್ಟುತ್ತವೆ ಎಂದು ಅವಳು ಎರಡು ಸಲ ಹೇಳಬೇಕಾಯಿತು. ಎರಡನೆಯದು ಬೆಲ್ಜಿಯಂ ಶೈಲಿಯ ಗೋಧಿ ಬಿಯರು. ಅದಕ್ಕೆ ನಿಜವಾಗಿಯೂ ಜಜ್ಜಿದ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಬೀಜವನ್ನು ಹುರಿಯದೆ ಹಾಕಿದ್ದು ಒಳ್ಳೆಯದಾಯಿತೆಂದು ಭಾವ ಪ್ರಮಾಣಪತ್ರ ಕೊಟ್ಟರು. ಮೂರನೆಯದರಲ್ಲಿ ಮಾಲ್ಟಿನ ಜೊತೆ ಅವಲಕ್ಕಿ ಸೇರಿತ್ತು. ಅಕ್ಕಿಯನ್ನು ಬಿಯರಿಗೆ ಬಳಸಬೇಕಾದರೆ ಮೊದಲು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಬೇಕು; ಅವಲಕ್ಕಿ ಬಿಸಿ ಕಂಡು ಕುಟ್ಟಿಸಿಕೊಂಡು ಬಂದದ್ದಾದ್ದರಿಂದ ನೇರವಾಗಿ ಗಂಜಿಗೆ ಸುರಿಯಬಹುದು. ಪರದೇಶದಿಂದ ಅಕ್ಕಿಯ ಹಾಳೆ ತರಿಸುವುದನ್ನು ಬಿಟ್ಟು ಇಲ್ಲಿನವರು ಕಿರಾಣಿ ಅಂಗಡಿಯ ಅವಲಕ್ಕಿ ಹಾಕುತ್ತಾರೆಂಬುದು ಇಡೀ ದಿನದಲ್ಲಿ ನನಗೆ ಹಿಡಿಸಿದ ಜಾಣ್ಮೆ. ಬಿಯರು ಮಾತ್ರ ತಿಳಿಯಾಗಿ, ಸಪ್ಪಗೆ, ಮರೆತುಹೋಗುವಂತಿತ್ತು.

ನಾಲ್ಕನೆಯದು ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್. ಭಾರತಕ್ಕೆ ಬರುವ ಹಡಗಿಗೆಂದೇ ಒಬ್ಬರು ಇದನ್ನು ಕಂಡುಹಿಡಿದರು ಎಂಬ ಕಥೆಯನ್ನು ಎಲ್ಲ ಕಡೆ ಹೇಳುತ್ತಾರೆ. ಲಂಡನ್ನಿನ ಹಾಜ್‌ಸನ್ ಎಂಬ ತಯಾರಕ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಮಾರಿದ್ದು ನಿಜ, ಹೆಚ್ಚು ಹಾಪ್ಸ್ ಹಾಕಿದರೆ ಕೆಡುವುದು ತಡವಾಗುವುದೂ ನಿಜ. ಆದರೆ ಅಂಥ ಬಿಯರು ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ ಇತ್ತು. ನನ್ನ ಮುಂದಿದ್ದ ಚೀಟಿ ಇದರಲ್ಲಿ ‘ಪೈನ್’ ಇದೆ ಎಂದು ಹೇಳುತ್ತಿತ್ತು. ಪೈನ್ ಮರ ಪುಣೆಯ ರಸ್ತೆಯಲ್ಲೂ ಇಲ್ಲ, ಹುಬ್ಬಳ್ಳಿಯ ರಸ್ತೆಯಲ್ಲೂ ಇಲ್ಲ. ಹಾಲಿನಿಂದ ಸುಧಾರಿಸಿಕೊಂಡಿದ್ದ ನನಗೆ ಆಗ ಮೊದಲ ಬಾರಿಗೆ ಏನೋ ಹೊಳೆಯಿತು: ಕಾರ್ಖಾನೆಯ ಪೇಂಟು ವಿಭಾಗದಲ್ಲಿ ತೆರೆದಿಟ್ಟ ಟರ್ಪೆಂಟೈನ್. ಹೇಳಲು ಸಂಕೋಚವಾದರೂ ಹೇಳಿದೆ. ಟರ್ಪೆಂಟೈನ್ ತೆಗೆಯುವುದೇ ಪೈನ್ ಮರದ ಅಂಟಿನಿಂದ, ಸರಿಯಾಗಿದೆ ಎಂದು ಹುಡುಗಿ ಮೇಜು ತಟ್ಟಿದಳು. ಭಾವನದು ಇನ್ನೂ ನಯವಾದ ಮಾತು: ಧೂಪದ ಹರಳನ್ನು ಕೆಂಡಕ್ಕೆ ಹಾಕುವ ಮೊದಲು ಮೂಸಿದಂತೆ. “ಕಹಿ ಐತಿ, ಒಗರಿಲ್ಲ,” ಎಂದು ಸೇರಿಸಿದರು. ತಯಾರಿಸಿದವಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲವೆಂದು ಅವಳ ಮುಖ ಹೇಳಿತು.

ಐದನೆಯದನ್ನು ರಾಗಿ ಸೇರಿಸಿ ಮಾಡಿದ್ದರು. ಹಿಮಾಲಯದ ಕಡೆ ಹುದುಗಿಸಿದ ರಾಗಿಯನ್ನು ಬಿದಿರಿನ ಪಾತ್ರೆಗೆ ಹಾಕಿ ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವ ತೋಂಗ್ಬಾ ಇದೆಯಲ್ಲ, ಅದರ ನೆಂಟನೆಂದು ಪರಿಚಯ ಮಾಡಿಕೊಟ್ಟರೂ ನಮಗೆ ಅದರಲ್ಲಿ ಹಿಂದಿನ ದಿನದ ಅಂಬಲಿಯ ಸಣ್ಣ ಹುಳಿಯೇ ಕಂಡಿತು. ಅದು ಗುಣವೋ ದೋಷವೋ ಎಂದು ಭಾವ ಕೇಳಿದಾಗ ಅವಳು ನಕ್ಕು, ಅದನ್ನೇ ತಾನೂ ತೀರ್ಮಾನಿಸುತ್ತಿದ್ದೇನೆ ಎಂದಳು. ಕೊನೆಯದು ಸ್ಟೌಟ್ ಎಂಬ ಕಪ್ಪು ಬಿಯರು. ಕಾಫಿಯೆಂದು ಎಲ್ಲರೂ ಒಮ್ಮೆಲೇ ಹೇಳಿದರು. ಮೊಳಕೆ ಬರಿಸದೆ ಕಪ್ಪಗೆ ಹುರಿದ ಬಾರ್ಲಿಯಿಂದ ಬರುವ ರುಚಿ ಅದು. ಭಾವ ಮಾತ್ರ ಅರ್ಧ ಗ್ಲಾಸಿಗೇ ನಿಲ್ಲಿಸಿ, ಸೀದದ್ದನ್ನು ಬಡಿಸಿ ದುಡ್ಡು ಕೇಳುವ ಧೈರ್ಯ ತಮಗೆ ಮೂವತ್ತು ವರ್ಷದಲ್ಲಿ ಬಂದಿಲ್ಲವೆಂದರು.

ಹೊರಡುವಾಗ ಅವರು ಕೇಳಿದ್ದು ಎರಡು ಕಿಲೋ ಚರಟ. ಅದರಲ್ಲಿ ರೊಟ್ಟಿ ತಟ್ಟಿ ನೋಡಬೇಕಂತೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರೂ ಮೆಟ್ರೋದಲ್ಲಿ ಅದು ತೊಟ್ಟಿಕ್ಕತೊಡಗಿ, ಎದುರಿಗೆ ಕುಳಿತ ಹೆಂಗಸು ನಮ್ಮಿಬ್ಬರ ಉಸಿರಿನ ವಾಸನೆಗೂ ಚೀಲದ ವಾಸನೆಗೂ ತಾಳೆ ಹಾಕಿ ಬೇರೆ ಸೀಟಿಗೆ ಹೋದಳು. ಮನೆಯಲ್ಲಿ ನನ್ನ ಹೆಂಡತಿ ಏನೂ ಮಾತಾಡದೆ ಅದನ್ನು ರುಬ್ಬಿ, ಜೋಳದ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಬೆರೆಸಿ ಥಾಲಿಪೀಠ ತಟ್ಟಿದಳು. ವಾಸನೆ ಚೆನ್ನಾಗಿತ್ತು. ಆದರೆ ಸಿಪ್ಪೆ ಹಲ್ಲಿನ ಸಂದಿಯಲ್ಲಿ ಸಿಕ್ಕಿ ಮೂವರೂ ಒಂಬತ್ತು ಗಂಟೆಯವರೆಗೆ ಕಡ್ಡಿ ಹಿಡಿದು ಕುಳಿತಿದ್ದೆವು. ಉಳಿದದ್ದು ಬೆಳಗಾಗುವಷ್ಟರಲ್ಲಿ ಹುಳಿ ನಾರಿ, ಓಣಿಯ ದನಗಳ ಪಾಲಾಯಿತು.

ಸೋಮವಾರ ಸಂಜೆ ಆ ಹುಡುಗಿಯ ಸಂದೇಶ ಬಂತು. ಟ್ಯಾಂಕಿನ ಪರೀಕ್ಷೆ ಮತ್ತೆ ಮಾಡಿದಳಂತೆ, ಬೆಣ್ಣೆ ಪೂರ್ತಿ ಹೋಗಿದೆ, ನಾಳೆ ತಣ್ಣಗೆ ಮಾಡುತ್ತಾರೆ, ಕಾಕಾನಿಗೆ ತಿಳಿಸಿ ಎಂದಿತ್ತು. ಒಳಗಿನ ಕೋಣೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಭಾವನಿಗೆ ಓದಿ ಹೇಳಿದೆ.

“ಬೆಣ್ಣಿ ಹೋತು ಅಂದ್ರ,” ಎಂದರು ತಲೆಯೆತ್ತದೆ, “ತುಪ್ಪ ಎಲ್ಲಿ ಅಂತ ಕೇಳು.”